ಪೂಜೆ ಒಂದು ದಿನ, ಎಚ್ಚರ ಎಲ್ಲ ದಿನ

ಆಯುಧಪೂಜೆಯ ದಿನ ಬನಶಂಕರಿಯ ನಮ್ಮ ಬೀದಿಯಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಯಾರ ಮನೆಯಲ್ಲಿ ಯಾವ ಯಂತ್ರವಿದೆ ಎಂಬ ಪಟ್ಟಿಯೇ ಸಿದ್ಧವಾಗುತ್ತದೆ. ಹೊರಗೆ ಕಾರು, ಸ್ಕೂಟರು, ಸೈಕಲ್ಲು. ಒಳಗೆ ಇಣುಕಿದರೆ ಮಣೆಯ ಮೇಲೆ ಸುತ್ತಿಗೆ, ಇಕ್ಕಳ, ಈಳಿಗೆಮಣೆ, ಮಕ್ಕಳ ಜಾಮಿಟ್ರಿ ಪೆಟ್ಟಿಗೆ. ಅವುಗಳ ನಡುವೆ ಕುಂಕುಮ ಹಚ್ಚಿಸಿಕೊಂಡು, ಸೇವಂತಿಗೆ ಮುಡಿದು ಕುಳಿತ ಡ್ರಿಲ್ಲಿಂಗ್ ಮೆಷಿನ್. ನಾನು ಹುಡುಗನಾಗಿದ್ದಾಗ ಬಡಗಿಯ ಬಳಿಯೋ ವರ್ಕ್‌ಶಾಪಿನಲ್ಲೋ ಮಾತ್ರ ಕಾಣುತ್ತಿದ್ದ ಈ ಯಂತ್ರ ಈಗ ಮಧ್ಯಮವರ್ಗದ ಮನೆಗೂ ಬಂದಿದೆ. ಪರದೆಯ ಕಂಬಿ ಹಾಕಲು, ಫೋಟೋ ತೂಗುಹಾಕಲು, ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಾದರಿ ಮಾಡಲು ಎಲ್ಲಕ್ಕೂ ಅದೇ.

ಪೂಜೆಯ ದಿನ ಅದನ್ನು ಒರೆಸಿ, ದೂಳು ತೆಗೆದು, ಗೌರವದಿಂದ ಮುಟ್ಟುತ್ತೇವೆ. ಮಿಕ್ಕ ದಿನಗಳಲ್ಲಿ? ಮಿಕ್ಕ ದಿನಗಳಲ್ಲಿ ನಾವು ಹೇಗೆ ಮುಟ್ಟುತ್ತೇವೆ ಎಂಬುದನ್ನು ಹೇಳುವ ಅಧಿಕಾರ ನನಗೆ ಬಂದದ್ದು ಬಿ.ಎಸ್‌ಸಿ., ಬಿ.ಎಡ್. ಪದವಿಯಿಂದಲ್ಲ, ಒಂದು ಏಟಿನಿಂದ.

ಹದಿನೈದು ವರ್ಷಗಳ ಹಿಂದಿನ ಮಾತು. ಹತ್ತನೆಯ ತರಗತಿಯಲ್ಲಿದ್ದ ಮಗಳಿಗೆ ಪುಸ್ತಕದ ಶೆಲ್ಫ್ ಹೊಡೆಯಬೇಕಾಗಿತ್ತು. ಪರಿಚಯದ ಮೇಸ್ತ್ರಿಯೊಬ್ಬರಿಂದ ಹಳೆಯ ಡ್ರಿಲ್ಲಿಂಗ್ ಮೆಷಿನ್ ಎರವಲು ತಂದೆ. ಮೈಯೆಲ್ಲ ಲೋಹದ್ದು. ಪ್ಲಗ್ ಇರಲಿಲ್ಲ; ವೈರಿನ ತುದಿಯಲ್ಲಿ ಎರಡು ಬರಿಯ ತಂತಿಗಳು, ಮೂರನೆಯ ಹಸಿರು ತಂತಿಯನ್ನು ಕತ್ತರಿಸಿ ಟೇಪು ಸುತ್ತಲಾಗಿತ್ತು. ‘ಬೆಂಕಿಕಡ್ಡಿ ಸಿಕ್ಕಿಸಿದ್ರೆ ಆಯ್ತು ಮೇಷ್ಟ್ರೇ’ ಎಂದರು. ಅಂದು ಬೆಳಿಗ್ಗೆಯಷ್ಟೇ ಶಾಲೆಯಲ್ಲಿ ಅರ್ತ್ ತಂತಿಯ ಮಹತ್ವವನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದ್ದ ಅದೇ ಮೇಷ್ಟ್ರು ಸಂಜೆ ಸಾಕೆಟ್ಟಿಗೆ ಎರಡು ತಂತಿ ತೂರಿಸಿ, ಬೆಂಕಿಕಡ್ಡಿ ಸಿಕ್ಕಿಸಿದೆ. ಆಗತಾನೇ ಒರೆಸಿದ್ದ ನೆಲ, ಬರಿಗಾಲು.

ಗುಂಡಿ ಒತ್ತಿದೆ. ಮುಂದಿನದು ನೆನಪಿರುವುದು ಇಷ್ಟೆ: ಯಂತ್ರವನ್ನು ಬಿಡಬೇಕೆಂದು ಮನಸ್ಸು ಕೂಗುತ್ತಿತ್ತು, ಕೈ ಬಿಡುತ್ತಿರಲಿಲ್ಲ. ನನ್ನನ್ನು ಹಿಡಿದೆಳೆಯಲು ಓಡಿಬಂದ ಅಮ್ಮನನ್ನು ಮಗಳು ತಡೆದು, ಗೋಡೆಯ ಸ್ವಿಚ್ ಆರಿಸಿದಳು. ನಾನು ಕುಸಿದು ಕುಳಿತೆ. ‘ಅಪ್ಪ, ನೀವೇ ತಾನೇ ಹೇಳಿಕೊಟ್ಟಿದ್ದು, ಮೊದಲು ಸ್ವಿಚ್ ಆಫ್ ಮಾಡಬೇಕು ಅಂತ’ ಎಂದು ಅಳುತ್ತಾ ಹೇಳಿದಳು. ಪಾಠ ಮಾಡಿದವನು ಮರೆತ, ಕೇಳಿದವಳು ನೆನಪಿಟ್ಟುಕೊಂಡಿದ್ದಳು. ನಾನು ಉಳಿದದ್ದು ಹಾಗೆ.

ಕೈ ಏಕೆ ಬಿಡಲಿಲ್ಲ?

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂತು. ಅಂದಿನಿಂದ ಸುಮಾರು 120 ವರ್ಷ ಈ ಊರು ವಿದ್ಯುತ್ತಿನೊಡನೆ ಬಾಳಿದೆ. ಆದರೂ ಅದರ ಒಂದು ಗುಣವನ್ನು ನಾವು ಸರಿಯಾಗಿ ಅರಿತಿಲ್ಲ. ಕೊಲ್ಲಲು ಅದಕ್ಕೆ ಬೇಕಾದದ್ದು ತೀರ ಸ್ವಲ್ಪ.

ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಒದ್ದೆ ಮೈಯ ರೋಧ ಸುಮಾರು 1000 ಓಮ್‌ಗೆ ಇಳಿಯಬಲ್ಲದು. ಓಮನ ನಿಯಮದಂತೆ 230ನ್ನು 1000ದಿಂದ ಭಾಗಿಸಿ: 0.23 ಆಂಪಿಯರ್, ಅಂದರೆ 230 ಮಿಲಿಆಂಪಿಯರ್. ಒಂದು ಮಿಲಿಆಂಪಿಯರ್ ಹರಿದರೆ ಜುಮ್ಮೆನ್ನುತ್ತದೆ. ಎದೆಯ ಮೂಲಕ ನೂರು ಮಿಲಿಆಂಪಿಯರ್ ಒಂದೆರಡು ಸೆಕೆಂಡು ಹರಿದರೂ ಹೃದಯ ತಾಳ ತಪ್ಪಿ ಅದುರತೊಡಗಬಹುದು. ಹಾಗಾದರೆ 230?

ಅಮೆರಿಕದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಚಾರ್ಲ್ಸ್ ಡಾಲ್ಜೀಲ್ ನೂರಕ್ಕೂ ಹೆಚ್ಚು ಸ್ವಯಂಸೇವಕರ ಮೇಲೆ ಎಚ್ಚರದಿಂದ ಪ್ರಯೋಗ ನಡೆಸಿ, ಹಿಡಿದ ತಂತಿಯನ್ನು ತಾನಾಗಿ ಬಿಡಲು ಸಾಧ್ಯವಾಗುವ ಪ್ರವಾಹದ ಮಿತಿಯನ್ನು ಅಳೆದರು. ಗಂಡಸರಿಗೆ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಿಗೆ 10.5. ಅದಕ್ಕಿಂತ ಹೆಚ್ಚಾದರೆ ಬೆರಳು ಮಡಿಸುವ ಸ್ನಾಯುಗಳು ಬಿಗಿದು, ಕೈ ಮುಷ್ಟಿಯಾಗಿಬಿಡುತ್ತದೆ. ಡ್ರಿಲ್ಲಿಂಗ್ ಮೆಷಿನ್ ಹಿಡಿಯುವುದೇ ಮುಷ್ಟಿಯಲ್ಲಿ! ಮುಟ್ಟಿದ ಸ್ವಿಚ್ಚು ನಮ್ಮನ್ನು ಒದೆಯುತ್ತದೆ. ಹಿಡಿದ ಯಂತ್ರ ನಮ್ಮನ್ನೇ ಹಿಡಿದುಕೊಳ್ಳುತ್ತದೆ.

ಫ್ಯೂಸ್ ಇದ್ದರೆ ಸಾಲದೇ?

‘ಮನೆಯಲ್ಲಿ ಫ್ಯೂಸ್ ಇದೆಯಲ್ಲ, ಎಂಸಿಬಿ ಇದೆಯಲ್ಲ’ ಎಂದು ಅನೇಕ ತಂದೆತಾಯಿಯರು ಕೇಳುತ್ತಾರೆ. ಫ್ಯೂಸ್ ಇರುವುದು ತಂತಿಯನ್ನು ಕಾಯಲು, ಮನುಷ್ಯನನ್ನು ಕಾಯಲು ಅಲ್ಲ. 5 ಆಂಪಿಯರ್ ಎಂದರೆ 5000 ಮಿಲಿಆಂಪಿಯರ್. 230 ಮಿಲಿಆಂಪಿಯರ್ ನಿಮ್ಮ ಮೈಯಲ್ಲಿ ಹರಿಯುವಾಗ ಫ್ಯೂಸಿಗೆ ಏನೂ ಗೊತ್ತೇ ಆಗುವುದಿಲ್ಲ.

ಮನುಷ್ಯನನ್ನು ಕಾಯುವ ಏರ್ಪಾಡುಗಳು ಮೂರು. ಮೊದಲನೆಯದು ಅರ್ತ್ ತಂತಿ. ಮೂರು ಪಿನ್ನಿನ ಪ್ಲಗ್ಗನ್ನು ಕೈಯಲ್ಲಿ ಹಿಡಿದು ನೋಡಿ. ಮೇಲಿನ ಪಿನ್ ಉಳಿದೆರಡಕ್ಕಿಂತ ದಪ್ಪ ಮತ್ತು ಉದ್ದ. ದಪ್ಪವಾದ್ದರಿಂದ ತಪ್ಪು ತೂತಿಗೆ ಹೋಗದು. ಉದ್ದವಾದ್ದರಿಂದ ಸಿಕ್ಕಿಸುವಾಗ ಮೊದಲು ತಾಗುತ್ತದೆ, ಕೀಳುವಾಗ ಕೊನೆಗೆ ಬಿಡುತ್ತದೆ. ಯಂತ್ರದ ಲೋಹದ ಮೈಗೆ ಅಕಸ್ಮಾತ್ ಫೇಸ್ ತಾಗಿದರೆ, ಕಡಿಮೆ ರೋಧದ ಈ ದಾರಿಯಲ್ಲಿ ಭಾರಿ ಪ್ರವಾಹ ಹರಿದು ಫ್ಯೂಸ್ ಹೋಗುತ್ತದೆ. ನಾನು ತಂದ ಯಂತ್ರದಲ್ಲಿ ಒಳಗಿನ ಸುರುಳಿಯ ಹೊದಿಕೆ ಸವೆದು ಮೈಗೆ ತಾಗಿತ್ತು. ಅರ್ತ್ ಇದ್ದಿದ್ದರೆ ಹೋಗುತ್ತಿದ್ದುದು ಫ್ಯೂಸ್ ಮಾತ್ರ.

ಎರಡನೆಯದು ಇಮ್ಮಡಿ ಹೊದಿಕೆ. ಈಗಿನ ಪ್ಲಾಸ್ಟಿಕ್ ಮೈಯ ಬಹುಪಾಲು ಡ್ರಿಲ್‌ಗಳಿಗೆ ಎರಡೇ ಪಿನ್ ಇರುವುದನ್ನು ಕಂಡು ಕೆಲವು ವಿದ್ಯಾರ್ಥಿಗಳು ‘ಇದು ತಪ್ಪಲ್ಲವೇ ಸಾರ್?’ ಎನ್ನುತ್ತಾರೆ. ಒಳ್ಳೆಯ ಪ್ರಶ್ನೆ. ಯಂತ್ರದ ಹೆಸರುಪಟ್ಟಿಯಲ್ಲಿ ಚೌಕದೊಳಗೊಂದು ಚೌಕ ಇದೆಯೇ ನೋಡಿ. ಇದ್ದರೆ ವಿದ್ಯುತ್ತಿನ ಭಾಗಗಳಿಗೂ ನಿಮ್ಮ ಕೈಗೂ ನಡುವೆ ಎರಡು ಪದರದ ರಕ್ಷಣೆಯಿದೆ, ಅದಕ್ಕೆ ಅರ್ತ್ ಬೇಡ. ಆದರೆ ಮೈ ಬಿರುಕು ಬಿಟ್ಟರೆ ಅಥವಾ ಒಳಗೆ ನೀರು ಹೊಕ್ಕರೆ ಆ ರಕ್ಷಣೆ ಮುಗಿಯಿತು.

ಮೂರನೆಯದು ಆರ್‌ಸಿಸಿಬಿ. ಇದರ ತತ್ವ ಸೊಗಸಾದದ್ದು. ಫೇಸ್‌ನಲ್ಲಿ ಹೋದ ಪ್ರವಾಹವೆಲ್ಲ ನ್ಯೂಟ್ರಲ್‌ನಲ್ಲಿ ಮರಳಬೇಕು. ಲೆಕ್ಕ ತಪ್ಪಿತೆಂದರೆ ಉಳಿದದ್ದು ಎಲ್ಲೋ ಸೋರುತ್ತಿದೆ, ಬಹುಶಃ ಯಾರದೋ ಮೈಯ ಮೂಲಕ. ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವುದರೊಳಗೆ, ಸೆಕೆಂಡಿನ ಸಣ್ಣ ಭಾಗದಲ್ಲಿ, ಅದು ಸಂಪರ್ಕ ಕಡಿಯುತ್ತದೆ. ಅದರ ಮೇಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಮನೆಯ ಕರೆಂಟು ತಕ್ಷಣ ಹೋಗಬೇಕು. ಹೋಗದಿದ್ದರೆ ಎಲೆಕ್ಟ್ರಿಷಿಯನ್ನನ್ನು ಕರೆಸಿ. ಹಳೆಯ ಜಯನಗರ, ಬನಶಂಕರಿ ಮನೆಗಳಲ್ಲಿ ಆರ್‌ಸಿಸಿಬಿಯೇ ಇಲ್ಲದಿರಬಹುದು. ಕೆಲವೇ ಸಾವಿರ ರೂಪಾಯಿಯ ಸಾಧನ. ಆ ಸಂಜೆಯಾದ ವಾರದೊಳಗೆ ನಮ್ಮ ಮನೆಗೆ ಅದು ಬಂತು. ಆದರೆ ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನನ್ನು ಅದು ಗುರುತಿಸಲಾರದು. ಅವನೂ ಒಂದು ಬಲ್ಬಿನಂತೆಯೇ ಅದಕ್ಕೆ ಕಾಣುತ್ತಾನೆ.

ವೇಗದ ಲೆಕ್ಕ

ವಿದ್ಯುತ್ತಿನಷ್ಟೇ ಅಪಾಯಕಾರಿ ಇನ್ನೊಂದಿದೆ, ಅದು ವೇಗ. ಜರ್ಮನಿಯ ಫೈನ್ ಕಂಪನಿ 1895ರಲ್ಲಿ ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ ತಯಾರಿಸಿತು. 1917ರಲ್ಲಿ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ ಪಿಸ್ತೂಲಿನಂಥ ಹಿಡಿ ಮತ್ತು ಕುದುರೆಯ ವಿನ್ಯಾಸಕ್ಕೆ ಪೇಟೆಂಟ್ ಪಡೆಯಿತು. ಇಂದಿಗೂ ರೂಪ ಅದೇ. ಪಿಸ್ತೂಲಿನ ಹೋಲಿಕೆ ಸುಮ್ಮನೆ ಬಂದದ್ದಲ್ಲ ಎನಿಸುತ್ತದೆ.

ನನ್ನ ತರಗತಿಯಲ್ಲಿ ಮಾಡಿಸುವ ಒಂದು ಲೆಕ್ಕ. ಡ್ರಿಲ್ ನಿಮಿಷಕ್ಕೆ 2800 ಸುತ್ತು ತಿರುಗುತ್ತದೆ ಎನ್ನಿ. ಸೆಕೆಂಡಿಗೆ ಸುಮಾರು 47 ಸುತ್ತು. ಏನಾದರೂ ಆಯಿತೆಂದು ಕಣ್ಣು ಕಂಡು, ಬೆರಳು ಸಡಿಲವಾಗಲು ಕನಿಷ್ಠ 0.2 ಸೆಕೆಂಡು ಬೇಕು. ಅಷ್ಟರಲ್ಲಿ ಒಂಬತ್ತು ಸುತ್ತು ಆಗಿರುತ್ತದೆ. ಬಿಟ್ ಹಿಡಿಯುವ ಚಕ್ಕಿನ ಸುತ್ತಳತೆ 12 ಸೆಂಟಿಮೀಟರ್. ಅಂದರೆ ನಿಮಗೆ ಗೊತ್ತಾಗುವ ಮೊದಲೇ ಒಂದು ಮೀಟರಿಗೂ ಹೆಚ್ಚು ಉದ್ದದ ದುಪಟ್ಟಾವನ್ನು ಅದು ಸುತ್ತಿಕೊಂಡಿರುತ್ತದೆ. ಆದ್ದರಿಂದಲೇ ಜಡೆ ಕಟ್ಟಿ, ದುಪಟ್ಟಾ ತೆಗೆದಿಡಿ, ಕತ್ತಿನ ಸರ ಒಳಗೆ ಸೇರಿಸಿ, ತೋಳು ಮಡಿಸಿ. ಬಟ್ಟೆಯ ಕೈಗವಸು ರಕ್ಷಣೆ ಎಂದುಕೊಳ್ಳುವುದೂ ತಪ್ಪು. ತಿರುಗುವ ಬಿಟ್ಟಿಗೆ ಅದರ ಒಂದು ಎಳೆ ಸಿಕ್ಕರೂ ಬೆರಳು ಹಿಂಬಾಲಿಸುತ್ತದೆ.

ಇನ್ನು ಕಲ್ಲು, ಕಬ್ಬಿಣ ಕತ್ತರಿಸುವ ಗ್ರೈಂಡರ್. ನಾಲ್ಕು ಇಂಚಿನ ಡಿಸ್ಕ್ ನಿಮಿಷಕ್ಕೆ ಸುಮಾರು 11 ಸಾವಿರ ಸುತ್ತು ತಿರುಗುತ್ತದೆ. ಅದರ ಅಂಚಿನ ವೇಗ ಸೆಕೆಂಡಿಗೆ 58 ಮೀಟರ್, ಅಂದರೆ ಗಂಟೆಗೆ ಇನ್ನೂರು ಕಿಲೋಮೀಟರಿಗೂ ಮಿಗಿಲು. ಬೆಂಗಳೂರು–ಮೈಸೂರು ದಾರಿಯ ಯಾವ ರೈಲೂ ಅಷ್ಟು ವೇಗವಾಗಿ ಓಡುವುದಿಲ್ಲ. ಇಂಥ ಡಿಸ್ಕ್‌ಗಳ ಮೇಲೆ ಸಾಮಾನ್ಯವಾಗಿ ಸೆಕೆಂಡಿಗೆ 80 ಮೀಟರ್ ಎಂಬ ಮಿತಿ ಅಚ್ಚಾಗಿರುತ್ತದೆ. ಕೆಲಸ ಬೇಗ ಮುಗಿಯಲೆಂದು ಕಾವಲಿನ ತಗಡು ಬಿಚ್ಚಿ ಏಳು ಇಂಚಿನ ಡಿಸ್ಕ್ ಹಾಕುವವರಿದ್ದಾರೆ. ಆಗ ಅಂಚಿನ ವೇಗ ಸುಮಾರು 104 ಮೀಟರ್ ಆಗುತ್ತದೆ. ಡಿಸ್ಕನ್ನು ಸೀಳುವ ಒತ್ತಡ ವೇಗದ ವರ್ಗಕ್ಕೆ ಅನುಪಾತದಲ್ಲಿ ಏರುವುದರಿಂದ, ಅದು ಮೂರು ಪಟ್ಟಿಗೂ ಹೆಚ್ಚು. ಡಿಸ್ಕ್ ಒಡೆದರೆ ಚೂರುಗಳು ಹಾರುವುದು ಅದೇ ವೇಗದಲ್ಲಿ, ಹೆಚ್ಚಾಗಿ ಮುಖದ ಕಡೆಗೆ. ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕುವುದಂತೂ ಎಂದೂ ಕೂಡದು. ಹಲ್ಲು ಮರದಲ್ಲಿ ಸಿಕ್ಕಿದೊಡನೆ ಯಂತ್ರ ಹಿಂದಕ್ಕೆ ಒದೆಯುತ್ತದೆ. ಗ್ರೈಂಡರ್ ಮಕ್ಕಳ ಕೈಗೆ ಬೇಡವೇ ಬೇಡ.

ಕಣ್ಣಿಗೆ ಕನ್ನಡಕ ಬೇಕು. ಓದುವ ಕನ್ನಡಕವಲ್ಲ, ಬದಿಗಳೂ ಮುಚ್ಚುವ ರಕ್ಷಣೆಯ ಕನ್ನಡಕ. ಗ್ರಾನೈಟು, ಟೈಲ್ಸ್ ಕತ್ತರಿಸುವಾಗ ಏಳುವ ಸಿಲಿಕಾ ದೂಳು ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ತರುತ್ತದೆ, ಅದಕ್ಕೆ ವಾಸಿಯಿಲ್ಲ. ಮೂಗಿಗೆ ಕಟ್ಟಿದ ಕರ್ಚೀಫು ಆ ಸಣ್ಣ ಕಣಗಳನ್ನು ತಡೆಯದು. 2020ರ ಕೊರೊನಾ ಕಾಲದಲ್ಲಿ ನಾವೆಲ್ಲ ಪರಿಚಯ ಮಾಡಿಕೊಂಡ ಎನ್-95 ಮುಖಗವಸು ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ನಿಮ್ಮ ಮನೆಯಲ್ಲಿ ಟೈಲ್ಸ್ ಹಾಕುವ ಹುಡುಗರಿಗೆ ಕಾಫಿ ಕೊಡುವಾಗ ಒಂದೊಂದು ಮುಖಗವಸನ್ನೂ ಕೊಡಿ.

ಗೋಡೆಯ ಒಳಗೇನಿದೆ?

ನಮ್ಮ ಮನೆಗಳಲ್ಲಿ ವೈರಿಂಗ್ ಗೋಡೆಯ ಒಳಗೆ ಪೈಪಿನಲ್ಲಿ ಸಾಗುತ್ತದೆ, ಸಾಮಾನ್ಯವಾಗಿ ಸ್ವಿಚ್ ಬೋರ್ಡಿನಿಂದ ನೆಟ್ಟಗೆ ಮೇಲಕ್ಕೋ ಕೆಳಕ್ಕೋ ಅಥವಾ ಅಡ್ಡಲಾಗಿ. ಆದ್ದರಿಂದ ಬೋರ್ಡಿನ ನೇರದಲ್ಲಿ, ಹಾಗೆಯೇ ನಲ್ಲಿಗಳ ನೇರದಲ್ಲಿ ತೂತು ಹೊಡೆಯಬೇಡಿ. ಹೊಸ ಮನೆ ಕಟ್ಟಿಸುವವರು ಪ್ಲಾಸ್ಟರ್ ಮಾಡುವ ಮುನ್ನ ಪ್ರತಿ ಗೋಡೆಯ ಫೋಟೋ ತೆಗೆದಿಟ್ಟುಕೊಂಡರೆ ಮುಂದೆ ಎಷ್ಟೋ ಉಪಕಾರ.

ಯಂತ್ರದ ಆರೈಕೆ

ಕೆಲಸ ಮುಗಿದ ಮೇಲೆ ಗಾಳಿಕಂಡಿಗಳ ದೂಳನ್ನು ಒಣ ಬ್ರಷ್‌ನಿಂದ ತೆಗೆಯಿರಿ. ಕಂಡಿ ಕಟ್ಟಿದರೆ ಮೋಟಾರು ಬಿಸಿಯಾಗಿ ಹೊದಿಕೆ ಸುಡುತ್ತದೆ. ಪೂಜೆಯ ದಿನ ಕುಂಕುಮವನ್ನು ಮೈಗೆ ಹಚ್ಚಿ, ಕಂಡಿಯೊಳಗೆ ಬೀಳದಂತೆ ನೋಡಿಕೊಳ್ಳಿ. ತಿರುಗುವಾಗ ಒಳಗೆ ಸಣ್ಣ ನೀಲಿ ಕಿಡಿ ಕಂಡರೆ ಹೆದರಬೇಡಿ, ಅದು ಕಾರ್ಬನ್ ಬ್ರಷ್ ತಾಮ್ರದ ಪಟ್ಟಿಗಳ ಮೇಲೆ ಜಾರುವ ಕಡೆ ಏಳುವುದು. ಕಿಡಿ ಉಂಗುರದಂತೆ ದೊಡ್ಡದಾದರೆ ಬ್ರಷ್ ಸವೆದಿದೆ ಎಂದರ್ಥ. ಎರಡನ್ನೂ ಒಟ್ಟಿಗೆ ಬದಲಾಯಿಸಿ. ಈ ಕಿಡಿಯ ಕಾರಣದಿಂದಲೇ ತಿನ್ನರ್, ಪೆಟ್ರೋಲು ಇರುವಲ್ಲಿ ಯಂತ್ರ ಓಡಿಸಬಾರದು.

ವೈರು ಹಿಡಿದು ಯಂತ್ರವನ್ನು ಎತ್ತಬೇಡಿ, ವೈರು ಎಳೆದು ಪ್ಲಗ್ ಕೀಳಬೇಡಿ. ಎಕ್ಸ್‌ಟೆನ್ಷನ್ ಸುರುಳಿಯನ್ನು ಪೂರ್ತಿ ಬಿಚ್ಚಿ ಬಳಸಿ, ಸುತ್ತಿಟ್ಟರೆ ಒಳಗೆ ಬಿಸಿ ಕೂಡುತ್ತದೆ. ಮೊಂಡಾದ ಬಿಟ್ಟಿನಿಂದ ಒತ್ತಿ ಒತ್ತಿ ಕೊರೆಯಬೇಡಿ. ಬಲ ಹಾಕಿದಷ್ಟೂ ಜಾರುವ ಭಯ ಹೆಚ್ಚು. ಬ್ಯಾಟರಿಯ ಡ್ರಿಲ್ಲಿನಿಂದ ಶಾಕ್ ಹೊಡೆಯುವ ಭಯ ಬಹಳ ಕಡಿಮೆ. ಆದರೆ ಅದು ಸುತ್ತುವ ವೇಗಕ್ಕೆ ರಿಯಾಯಿತಿ ಇಲ್ಲ. ಬಿಟ್ ಬದಲಿಸುವಾಗ ಬ್ಯಾಟರಿ ತೆಗೆದಿಡಿ.

ತಂದೆತಾಯಿಯರಿಗೆ ಒಂದು ಮಾತು

ಇಷ್ಟೆಲ್ಲ ಓದಿ ಮಕ್ಕಳಿಂದ ಯಂತ್ರವನ್ನು ಬಚ್ಚಿಡಬೇಡಿ. ಬಚ್ಚಿಟ್ಟದ್ದನ್ನು ನೀವಿಲ್ಲದಾಗ ತೆಗೆಯುತ್ತಾರೆ. ಹೈಸ್ಕೂಲಿನ ಮಗು ಪಕ್ಕದಲ್ಲಿ ನಿಂತು ನೋಡಲಿ, ಗುರುತು ಹಾಕಲಿ, ಮರದ ತುಂಡನ್ನು ಕ್ಲಾಂಪಿನಲ್ಲಿ ಬಿಗಿಯಲಿ. ನಂತರ ನಿಮ್ಮ ಎದುರಿನಲ್ಲೇ ಮೆತ್ತನೆಯ ಮರದಲ್ಲಿ ಮೊದಲ ತೂತು ಕೊರೆಯಲಿ. ತುಂಡನ್ನು ಕೈಯಲ್ಲಿ ಹಿಡಿದು ಕೊರೆಯಬಾರದು ಎಂಬುದನ್ನು ಮಾತ್ರ ಮರೆಯದಿರಲಿ. ಮನೆಯವರೆಲ್ಲರಿಗೂ, ಅಜ್ಜಿಯಿಂದ ಮೊಮ್ಮಗನವರೆಗೆ, ಮೇನ್ ಸ್ವಿಚ್ ಎಲ್ಲಿದೆ ಎಂದು ಗೊತ್ತಿರಬೇಕು.

ನೆನಪಿಡಿ

• ಬಿಟ್, ಡಿಸ್ಕ್ ಮುಟ್ಟುವ ಮುನ್ನ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು.
• ಚಕ್ ಕೀಯನ್ನು ತೆಗೆದ ಮೇಲೆಯೇ ಪ್ಲಗ್ ಹಾಕಿ.
• ಬೆಂಕಿಕಡ್ಡಿ ಸಿಕ್ಕಿಸುವುದು ಬೇಡ. ಪ್ಲಗ್ ಇಲ್ಲದ ಯಂತ್ರವನ್ನು ಎರವಲೂ ತರಬೇಡಿ.
• ಒಣ ನೆಲ, ಕಾಲಿಗೆ ರಬ್ಬರ್ ಅಡಿಯ ಮುಚ್ಚಿದ ಪಾದರಕ್ಷೆ, ಕಣ್ಣಿಗೆ ಕನ್ನಡಕ.
• ಯಾರಿಗಾದರೂ ಶಾಕ್ ಹೊಡೆದರೆ ಮುಟ್ಟಬೇಡಿ. ಮೊದಲು ಸ್ವಿಚ್ ಅಥವಾ ಮೇನ್ ಆರಿಸಿ. ಆಗದಿದ್ದರೆ ಒಣ ಮರದ ಕೋಲಿನಿಂದ ಬಿಡಿಸಿ. 108ಕ್ಕೆ ಫೋನ್ ಮಾಡಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಕೈಯಿಂದ ಸೆಕೆಂಡಿಗೆ ಸುಮಾರು ಎರಡು ಬಾರಿಯಂತೆ ಒತ್ತುತ್ತಿರಿ, ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ.

ನನ್ನ ಮಗಳ ಶೆಲ್ಫ್ ಇಂದಿಗೂ ಗೋಡೆಯಲ್ಲಿದೆ. ಆಮೇಲೆ ಸರಿಯಾದ ಯಂತ್ರ ತಂದು ಹೊಡೆದದ್ದು. ಮೇಸ್ತ್ರಿಯವರಿಗೆ ಅವರ ಯಂತ್ರ ಹಿಂದಿರುಗಿಸುವ ಮೊದಲು ರಿಪೇರಿ ಮಾಡಿಸಿ, ಹೊಸ ವೈರು, ಮೂರು ಪಿನ್ನಿನ ಪ್ಲಗ್ ಹಾಕಿಸಿದೆ. ‘ಇದ್ಯಾಕೆ ಮೇಷ್ಟ್ರೇ, ಸುಮ್ನೆ ಖರ್ಚು’ ಎಂದರು. ನಡೆದದ್ದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದನ್ನ ದಿನಾ ಹಿಡಿಯೋನು ನನ್ನ ಮಗ’ ಎಂದರು.