ಯೂರಿಯಾ ಅಗ್ಗ, ಗೊಬ್ಬರದ ಲೋಡ್ ದುಬಾರಿ: ಯಾಕೆ ಹೀಗೆ?

ಸಾವಯವದಲ್ಲಿ ಖರ್ಚೇ ಇಲ್ಲ ಅಂತಾರೆ. ಲೆಕ್ಕ ಹಾಕಿ ನೋಡೋಣ.

45 ಕೆಜಿ ಯೂರಿಯಾ ಚೀಲದಲ್ಲಿ ಸುಮಾರು 20 ಕೆಜಿ ಸಾರಜನಕ ಇರುತ್ತೆ. ಕೊಟ್ಟಿಗೆ ಗೊಬ್ಬರದಲ್ಲಿ ಅಷ್ಟು ಬೇಕಂದ್ರೆ ಹತ್ತತ್ರ 4 ಟನ್ ಹಾಕಬೇಕು. ಅದೂ ಬೆಳೆಗೆ ನಿಧಾನಕ್ಕೆ ಸಿಗುತ್ತೆ.

ಯೂರಿಯಾ ತಯಾರಿಗೆ ನೈಸರ್ಗಿಕ ಅನಿಲ ಬೇಕು. ಅದರಲ್ಲಿ ದೊಡ್ಡ ಪಾಲು ಹೊರದೇಶದ್ದು. ಖರ್ಚಿನ ಹೆಚ್ಚಿನ ಭಾಗ ಕೇಂದ್ರದ ಸಬ್ಸಿಡಿಯಲ್ಲಿ ಹೋಗೋದ್ರಿಂದ ನಮಗೆ ಚೀಲ ಅಗ್ಗ. ಸಾವಯವದಲ್ಲಿ ಆ ಅನಿಲ ಉಳಿಯುತ್ತೆ. ಆದ್ರೆ ಗೊಬ್ಬರ ಸಾಗಿಸೋ ಟ್ರ್ಯಾಕ್ಟರ್ ಡೀಸೆಲ್, ಕಳೆ ತೆಗೆಯೋ ಕೂಲಿ ಎರಡೂ ರೈತರ ಜೇಬಿಂದಲೇ. ಬೋರ್‌ವೆಲ್ ಕರೆಂಟು ಎರಡು ಪದ್ಧತಿಗೂ ಬೇಕೇ ಬೇಕು.

ಹಾಗಾಗಿ ಮನೇಲಿ ದನ ಇದ್ದು, ಬದುವಿನಲ್ಲಿ ಗ್ಲಿರಿಸಿಡಿಯಾ ಬೆಳೆಸಿ ಸೊಪ್ಪು ಹಾಕೋರಿಗೆ ಸಾವಯವ ಗಿಟ್ಟುತ್ತೆ. ಲೋಡ್‌ಗಟ್ಟಲೆ ಗೊಬ್ಬರ ಕೊಳ್ಳೋರು ಮೊದಲು ಮಾಲಿಗೆ ಹೆಚ್ಚಿನ ರೇಟ್ ಕೊಡೋ ಗಿರಾಕಿ ಹುಡುಕಿಕೊಳ್ಳೋದು ಒಳ್ಳೇದು.