ಬೀಳು ಬಿಟ್ಟ ಹೊಲಕ್ಕೆ ಸರ್ಕಾರದ ಗೇಣಿ

ಉಳುಮೆ ನಿಲ್ಲಿಸಿ ಹುಲ್ಲಿಗೆ ಬಿಟ್ಟ ಹೊಲಕ್ಕೆ ಅಮೆರಿಕದ ಸರ್ಕಾರ ವರ್ಷವರ್ಷವೂ ಗೇಣಿ ಕೊಡುತ್ತದೆ. 1985ರ ಆಹಾರ ಭದ್ರತಾ ಕಾಯ್ದೆಯಡಿ ಹುಟ್ಟಿದ ಈ ಯೋಜನೆಯ ಹೆಸರು ‘ಕನ್ಸರ್ವೇಷನ್ ರಿಸರ್ವ್ ಪ್ರೋಗ್ರಾಂ’. ರೈತರ ಬಾಯಲ್ಲಿ ಬರೀ ‘ಸಿಆರ್‌ಪಿ’. ಗಾಳಿಗೆ, ನೀರಿಗೆ ಬೇಗ ಸವೆಯುವ ಜಮೀನನ್ನು 10ರಿಂದ 15 ವರ್ಷ ಬೇಸಾಯದಿಂದ ಹೊರಗಿಡಬೇಕೆಂಬುದು ಕರಾರು.

ಯೋಜನೆಯ ಬೇರು 1930ರ ದಶಕದ ದೂಳಿನಲ್ಲಿದೆ. ಕೊಲರಾಡೊ ರಾಜ್ಯದ ಆಗ್ನೇಯ ಮೂಲೆಯ ಬಾಕಾ ಕೌಂಟಿಯಂಥ ಒಣ ಹುಲ್ಲುಗಾವಲುಗಳನ್ನು ಗೋಧಿಯ ಆಸೆಗೆ ಉಳಲಾಗಿತ್ತು. ಬರ ಬಿದ್ದಾಗ ಮಣ್ಣನ್ನು ಹಿಡಿದಿಡುವ ಬೇರೇ ಇರಲಿಲ್ಲ. 1935ರ ಏಪ್ರಿಲ್ 14ರಂದು ಬಯಲುಸೀಮೆಯ ಮೇಲೆ ಎದ್ದ ದೂಳಿನ ಗೋಡೆ ಹಗಲನ್ನೇ ಕತ್ತಲಾಗಿಸಿತು. ಅದೇ ತಿಂಗಳು ಮಣ್ಣು ಸಂರಕ್ಷಣೆಯ ಕಾಯ್ದೆ ಬಂತು. ಬಾಕಾದಲ್ಲಿ ಹಾಳುಬಿದ್ದ ಹೊಲಗಳನ್ನು ಸರ್ಕಾರವೇ ಕೊಂಡು ಹುಲ್ಲು ಬೆಳೆಸಿತು; ಇಂದಿನ ಕೊಮಾಂಚಿ ರಾಷ್ಟ್ರೀಯ ಹುಲ್ಲುಗಾವಲಿನಲ್ಲಿ ಆ ನೆಲವೂ ಸೇರಿದೆ. 1956ರ ‘ಸಾಯಿಲ್ ಬ್ಯಾಂಕ್’ ಯೋಜನೆ ಬೇರೆ ದಾರಿ ಹಿಡಿಯಿತು: ನೆಲ ರೈತನದೇ, ಬೀಳು ಬಿಟ್ಟ ಅವಧಿಗೆ ಹಣ ಸರ್ಕಾರದ್ದು. ಸಿಆರ್‌ಪಿಯದೂ ಅದೇ ದಾರಿ.

ಗೇಣಿ ನಿಗದಿಯಾಗುವುದು ಸ್ಥಳೀಯ ದರದ ಮೇಲೆ. ಕೌಂಟಿಯಲ್ಲಿ ಮಳೆಯಾಶ್ರಿತ ಹೊಲಕ್ಕಿರುವ ಗೇಣಿ ಮತ್ತು ಆ ಮಣ್ಣಿನ ಕಸುವು ನೋಡಿ ಎಕರೆಗೆ ಇಷ್ಟೆಂದು ಮೇಲ್ಮಿತಿ ಗೊತ್ತುಮಾಡುತ್ತಾರೆ. ಅದಕ್ಕಿಂತ ಕಡಿಮೆಗೆ ಒಪ್ಪುವ ಜಮೀನುದಾರನಿಗೆ ಆಯ್ಕೆಯಲ್ಲಿ ಹೆಚ್ಚು ಅಂಕ. ಮಣ್ಣಿನ ಸವಕಳಿ, ನೀರಿನ ಗುಣಮಟ್ಟ, ವನ್ಯಜೀವಿಗಳಿಗಾಗುವ ಅನುಕೂಲ ಇವಕ್ಕೂ ಅಂಕಗಳಿವೆ. ಒಬ್ಬರಿಗೆ ಸಲ್ಲುವ ವಾರ್ಷಿಕ ಗೇಣಿ ಸಾಮಾನ್ಯವಾಗಿ 50,000 ಡಾಲರ್ ದಾಟುವಂತಿಲ್ಲ. ಹಣ ಕೈಸೇರುವುದು ಅಕ್ಟೋಬರ್ ನಂತರ. ನಡುವೆ ಕರಾರು ಮುರಿದರೆ ಪಡೆದದ್ದನ್ನು ಬಡ್ಡಿಸಮೇತ ಹಿಂದಿರುಗಿಸಬೇಕು.

ಬೀಳು ಎಂದರೆ ಸುಮ್ಮನೆ ಬಿಡುವುದಲ್ಲ. ಒಣ ಬಯಲಿನಲ್ಲಿ ಮೊದಲು ಜೋಳ ಬಿತ್ತಿ, ಕೂಳೆಯನ್ನು ಹಾಗೇ ನಿಲ್ಲಿಸುತ್ತಾರೆ. ಗಾಳಿಗೆ ಅಡ್ಡನಿಂತ ಆ ಕೂಳೆಯ ನಡುವೆ, ಮರುಬಿತ್ತನೆಯಲ್ಲಿ, ‘ಬ್ಲೂ ಗ್ರಾಮಾ’, ‘ಸೈಡ್‌ಓಟ್ಸ್ ಗ್ರಾಮಾ’ದಂಥ ನಾಟಿ ಹುಲ್ಲಿನ ಬೀಜ ಬೀಳುತ್ತದೆ. ಬೀಜ ಹಗುರ, ಆಳಕ್ಕೆ ಬಿದ್ದರೆ ಮೊಳಕೆ ಮೇಲೇಳದು. ಹುಲ್ಲು ನೆಲೆಯೂರಲು ಎರಡು ಮೂರು ವರ್ಷ ಬೇಕು. ಬಿತ್ತನೆಯ ವೆಚ್ಚದಲ್ಲಿ ಅರ್ಧದವರೆಗೆ ಸರ್ಕಾರ ಭರಿಸುತ್ತದೆ. ಬರಗಾಲದಲ್ಲಿ ಮೇಯಿಸಲು, ಹುಲ್ಲು ಕೊಯ್ಯಲು ಷರತ್ತಿನ ಮೇಲೆ ಅನುಮತಿ ಸಿಗುತ್ತದೆ.

ಮಣ್ಣು ಉಳಿದರೂ ಊರಿಗೆ ಬೇರೆ ಲೆಕ್ಕವಿದೆ. ಬಿತ್ತನೆ ನಿಂತ ಹೊಲಕ್ಕೆ ಗೊಬ್ಬರ ಬೇಡ, ಡೀಸೆಲ್ ಬೇಡ. ಪಟ್ಟಣದ ಅಂಗಡಿಗೂ ಧಾನ್ಯದ ಗೋದಾಮಿಗೂ ವ್ಯಾಪಾರ ತಗ್ಗುತ್ತದೆ. ಗೇಣಿಗೆ ಹೊಲ ಹುಡುಕುವ ಯುವ ರೈತ ಸರ್ಕಾರದ ದರದೊಂದಿಗೆ ಪೈಪೋಟಿಗೆ ಇಳಿಯಬೇಕಾಗುತ್ತದೆ. ಹೀಗಾಗಿ ಯಾವುದೇ ಕೌಂಟಿಯ ಸಾಗುವಳಿ ಭೂಮಿಯ ಶೇ 25ಕ್ಕಿಂತ ಹೆಚ್ಚು ಭಾಗವನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ.

ಪೇಟೆಯ ಧಾರಣೆ ಏರಿದಾಗ ಗೇಣಿ ಸಪ್ಪೆಯಾಗುತ್ತದೆ. 2007ರಲ್ಲಿ ಯೋಜನೆಯ ವಿಸ್ತೀರ್ಣ ಸುಮಾರು 3.68 ಕೋಟಿ ಎಕರೆ ಮುಟ್ಟಿತ್ತು. ಎಥನಾಲ್‌ನಿಂದ ಮೆಕ್ಕೆಜೋಳದ ಬೆಲೆ ಏರುತ್ತಿದ್ದಂತೆ, ಅವಧಿ ಮುಗಿದ ಹೊಲಗಳು ಮತ್ತೆ ನೇಗಿಲಿಗೆ ಬಂದವು. 2014ರ ಕೃಷಿ ಕಾಯ್ದೆ ಮಿತಿಯನ್ನೇ 2.4 ಕೋಟಿ ಎಕರೆಗೆ ಇಳಿಸಿತು. 2018ರ ಕಾಯ್ದೆ ಅದನ್ನು ಹಂತಹಂತವಾಗಿ 2.7 ಕೋಟಿಗೆ ಏರಿಸಿತು.

ಕರಾರು ಮುಗಿದ ಮೇಲೆ ಜಮೀನುದಾರನ ಮುಂದಿರುವುದು ಮೂರು ದಾರಿ: ಮತ್ತೆ ಅರ್ಜಿ ಹಾಕುವುದು, ಬೇಲಿ ಕಟ್ಟಿ ದನ ಮೇಯಿಸುವುದು, ಇಲ್ಲವೇ ಉಳುವುದು. ಮೊದಲೆರಡರಲ್ಲಿ ಹುಲ್ಲಿನ ಬೇರು ನೆಲದಲ್ಲೇ ಉಳಿಯುತ್ತದೆ.