ದೂರಿಗೆ ಕೊಟ್ಟ ಉತ್ತರವೇ ಜಾಹೀರಾತಾದ ಕಾಲ

ಸರಕನ್ನು ಕೊಳ್ಳುವವರಿಗೆ ಮುಟ್ಟಿಸಿ, ಕೊಳ್ಳಬೇಕೆಂಬ ಮನಸ್ಸನ್ನೂ ಹುಟ್ಟಿಸುವ ಕೆಲಸಕ್ಕೆ ಮಾರ್ಕೆಟಿಂಗ್ ಎಂದೂ, ಸಂಸ್ಥೆಯೊಂದರ ಹೆಸರಿನ ಮೇಲೆ ಜನರಿಗಿರುವ ವಿಶ್ವಾಸವನ್ನು ಕಾಯ್ದುಕೊಳ್ಳುವ ಕೆಲಸಕ್ಕೆ ಸಾರ್ವಜನಿಕ ಸಂಪರ್ಕ ಎಂದೂ ಹೇಳುವುದು ವಾಡಿಕೆ. ಇಪ್ಪತ್ತನೆಯ ಶತಮಾನದ ಕಚೇರಿಗಳಲ್ಲಿ ಇವೆರಡೂ ಬೇರೆ ಬೇರೆ ವಿಭಾಗಗಳಾಗಿದ್ದವು. ಒಂದು ಹಣ ತೆತ್ತು ಪತ್ರಿಕೆಯಲ್ಲೋ ಗೋಡೆಯ ಮೇಲೋ ಜಾಗ ಕೊಳ್ಳುತ್ತಿತ್ತು, ಇನ್ನೊಂದು ಪತ್ರಿಕಾ ಪ್ರಕಟಣೆ ಹೊರಡಿಸಿ, ಸುದ್ದಿಗೋಷ್ಠಿ ಕರೆದು, ಸಂಪಾದಕರ ಕೃಪೆಗಾಗಿ ಕಾಯುತ್ತಿತ್ತು. ದೂರು ಹೊತ್ತು ಬರುವ ಗಿರಾಕಿಗೆ ಈ ಎರಡರಲ್ಲೂ ಸ್ಥಾನವಿರಲಿಲ್ಲ. ಕಳೆದ ಹದಿನೈದು ವರ್ಷಗಳಲ್ಲಿ ಅಂತರಜಾಲದ ಹೊಸ ತಂತ್ರಗಳು ತಂದ ದೊಡ್ಡ ಬದಲಾವಣೆ ಯಾವುದೆಂದರೆ, ಈ ಗಿರಾಕಿಯ ದೂರೇ ಪ್ರಚಾರದ ನಡುಮನೆಗೆ ಬಂದು ಕುಳಿತದ್ದು.

ಈ ಬದಲಾವಣೆಯನ್ನು ನೋಡುವುದಕ್ಕೆ ಚೆನ್ನೈಗಿಂತ ತಕ್ಕ ಊರು ಕಡಿಮೆ, ಏಕೆಂದರೆ ಹಳೆಯ ಬಗೆಯ ಪ್ರಚಾರವನ್ನು ತುತ್ತತುದಿಗೆ ಒಯ್ದ ಊರೂ ಅದೇ. ನಟರ, ರಾಜಕಾರಣಿಗಳ ಆಳೆತ್ತರವನ್ನು ಮೀರಿದ ಕಟೌಟುಗಳು ಅಲ್ಲಿನ ಅಣ್ಣಾ ಸಾಲೈ ರಸ್ತೆಯ ಗುರುತೇ ಆಗಿದ್ದವು. ಕನ್ನಡ ಚಿತ್ರರಂಗವೂ ದಶಕಗಳ ಕಾಲ ಕೋಡಂಬಾಕಮ್ಮಿನ ಸುತ್ತಮುತ್ತಲ ಸ್ಟುಡಿಯೋಗಳ ಆಶ್ರಯದಲ್ಲೇ ಬೆಳೆದದ್ದರಿಂದ, ಗಾಂಧಿನಗರದ ಪ್ರಚಾರದ ಗತ್ತಿನಲ್ಲಿ ಮದರಾಸಿನ ಪಾಲನ್ನು ಅಲ್ಲಗಳೆಯುವಂತಿಲ್ಲ. 2019ರ ಸೆಪ್ಟೆಂಬರಿನಲ್ಲಿ ಪಳ್ಳಿಕರಣೈ ಬಳಿ ಅನಧಿಕೃತ ಬ್ಯಾನರೊಂದು ಮೇಲೆ ಬಿದ್ದು, ದ್ವಿಚಕ್ರ ವಾಹನದಲ್ಲಿದ್ದ ಯುವ ಎಂಜಿನಿಯರ್ ಒಬ್ಬರು ಟ್ಯಾಂಕರ್ ಲಾರಿಗೆ ಸಿಕ್ಕಿ ಸತ್ತ ಮೇಲೆ, ಬ್ಯಾನರ್ ಕಟ್ಟಬೇಡಿರೆಂದು ನಟರೇ ಅಭಿಮಾನಿಗಳನ್ನು ಕೇಳಿಕೊಳ್ಳಬೇಕಾಯಿತು. ಅಷ್ಟು ಹೊತ್ತಿಗೆ ಪ್ರಚಾರದ ಬಹುಪಾಲು ಫೋನಿನ ಪರದೆಗೆ ಇಳಿದಾಗಿತ್ತು.

ಆ ಇಳಿತದ ಮೊದಲ ದೊಡ್ಡ ನಿದರ್ಶನ 2011ರ ನವೆಂಬರ್ 16ರಂದು ಯೂಟ್ಯೂಬಿನಲ್ಲಿ ಬಿಡುಗಡೆಯಾದ ‘ವೈ ದಿಸ್ ಕೊಲವೆರಿ ಡಿ’. ‘3’ ಎಂಬ ಚಿತ್ರಕ್ಕಾಗಿ ಅನಿರುದ್ಧ್ ಸಂಯೋಜಿಸಿ ಧನುಷ್ ಹಾಡಿದ ಈ ಹಾಡಿನ ಕಚ್ಚಾ ಪ್ರತಿಯೊಂದು ಮೊದಲೇ ಸೋರಿಹೋದಾಗ, ಅದನ್ನು ಮುಚ್ಚಿಡಲು ಹೆಣಗುವ ಬದಲು ನಿರ್ಮಾಪಕರು ಅಧಿಕೃತ ವಿಡಿಯೋವನ್ನೇ ಜಾಲಕ್ಕೆ ಬಿಟ್ಟರು. ಆ ವಿಡಿಯೋದಲ್ಲಿ ಕುಣಿತವಿಲ್ಲ, ಹೊರಾಂಗಣವಿಲ್ಲ. ಧ್ವನಿಮುದ್ರಣದ ಕೋಣೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಗಾಯಕ, ಪರದೆಯ ಮೇಲೆ ಮೂಡುತ್ತ ಹೋಗುವ ಹಾಡಿನ ಸಾಲು, ಇಷ್ಟೇ. ನೋಡಿದವರು ತಾವಾಗಿಯೇ ಇನ್ನಷ್ಟು ಜನರಿಗೆ ಕಳುಹಿಸುತ್ತ ಹೋಗುವುದರಿಂದ ಹಂಚಿಕೆಯ ವೆಚ್ಚ ಪ್ರಚಾರಕನ ತಲೆಯಿಂದ ಪ್ರೇಕ್ಷಕನ ಬೆರಳಿಗೆ ವರ್ಗವಾಗುವ ಈ ಕ್ರಮಕ್ಕೆ ವೈರಲ್ ಮಾರ್ಕೆಟಿಂಗ್ ಎಂದು ಹೆಸರು. ತಮಿಳು ಬಾರದ ಊರುಗಳಲ್ಲೂ ಹಾಡು ಮೊಳಗಿತು. ಆದರೆ 2012ರ ಮಾರ್ಚ್ 30ರಂದು ತೆರೆಕಂಡ ಚಿತ್ರ ಮಾತ್ರ ಹಾಡಿನ ಎತ್ತರಕ್ಕೆ ಓಡಲಿಲ್ಲ. ಗಮನ ಸೆಳೆಯುವುದೇ ಬೇರೆ, ಟಿಕೆಟ್ ಮಾರುವುದೇ ಬೇರೆ ಎಂಬುದನ್ನು ಜಾಲಪ್ರಚಾರಕರು ಇಂದಿಗೂ ಎಷ್ಟರಮಟ್ಟಿಗೆ ಒಪ್ಪಿಕೊಂಡಿದ್ದಾರೆ ಎನ್ನುವುದು ಅನುಮಾನ. ವೀಕ್ಷಣೆಯ ಎಣಿಕೆಯನ್ನೇ ಯಶಸ್ಸೆಂದು ತೋರಿಸಿ ಶುಲ್ಕ ವಸೂಲು ಮಾಡುವ ಪರಿಪಾಠ ಈಗಲೂ ನಿಂತಿಲ್ಲ.

ಹೆಚ್ಚು ಸದ್ದು ಮಾಡದ, ಆದರೆ ಹೆಚ್ಚು ಆಳದ ಬದಲಾವಣೆ ಅದೇ ಊರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ನಡೆಯುತ್ತಿತ್ತು. ಜೋಹೊ ಸಂಸ್ಥೆಯಲ್ಲಿ ದುಡಿಯುತ್ತಿದ್ದ ಗಿರೀಶ್ ಮಾತೃಭೂತಂ ಅಮೆರಿಕದಿಂದ ಚೆನ್ನೈಗೆ ಮರಳುವಾಗ ಅವರ ಟಿವಿ ಸಾಗಣೆಯಲ್ಲಿ ಒಡೆದುಹೋಯಿತು. ತಿಂಗಳುಗಟ್ಟಲೆ ಫೋನು, ಮಿಂಚಂಚೆಗಳಿಗೆ ಜಗ್ಗದ ಸಾಗಣೆದಾರರು, ತಾಯ್ನಾಡಿಗೆ ಮರಳುವವರು ಸೇರುವ ಜಾಲತಾಣದಲ್ಲಿ ಅವರು ನಡೆದದ್ದನ್ನು ಬರೆದೊಡನೆ ಕ್ಷಮೆ ಕೇಳಿ ಪರಿಹಾರ ಕೊಟ್ಟರೆಂದು ಅವರೇ ಹಲವೆಡೆ ಹೇಳಿದ್ದಾರೆ. ಖಾಸಗಿ ದೂರಿಗಿಲ್ಲದ ಬಲ ಬಹಿರಂಗ ದೂರಿಗಿದೆ ಎಂಬ ಈ ತಿಳಿವಳಿಕೆಯ ಮೇಲೆಯೇ ಅವರು ಷಣ್ ಕೃಷ್ಣಸಾಮಿಯವರೊಂದಿಗೆ 2010ರಲ್ಲಿ ಫ್ರೆಶ್‌ಡೆಸ್ಕ್ ಎಂಬ ಗ್ರಾಹಕ ಸೇವೆಯ ತಂತ್ರಾಂಶ ಸಂಸ್ಥೆಯನ್ನು ಕಟ್ಟಿದರು.

ಆ ತಂತ್ರಾಂಶ ಮಾಡುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಬದಲಾವಣೆಯ ಸ್ವರೂಪ ತಿಳಿಯುತ್ತದೆ. ಗಿರಾಕಿಯೊಬ್ಬರು ಮಿಕ್ಸರ್ ಕೆಟ್ಟಿತೆಂದು ಮಿಂಚಂಚೆ ಕಳುಹಿಸಲಿ, ಫೇಸ್‌ಬುಕ್ಕಿನಲ್ಲಿ ಬೈಯಲಿ, ಈಗ ಎಕ್ಸ್ ಎನಿಸಿಕೊಂಡಿರುವ ಟ್ವಿಟರಿನಲ್ಲಿ ಗೊಣಗಲಿ, ಆ ಮಾತು ಒಂದು ಸಂಖ್ಯೆ ಪಡೆದು ‘ಟಿಕೆಟ್’ ಆಗುತ್ತದೆ. ಟಿಕೆಟ್ ಒಬ್ಬ ಸಿಬ್ಬಂದಿಯ ಹೆಸರಿಗೆ ಬೀಳುತ್ತದೆ, ಆ ಗಿರಾಕಿ ಹಿಂದೆ ಕೊಂಡದ್ದು, ಕೇಳಿದ್ದು ಎಲ್ಲವೂ ಪಕ್ಕದಲ್ಲೇ ಕಾಣಿಸುತ್ತದೆ, ಇಂತಿಷ್ಟು ಗಂಟೆಯೊಳಗೆ ಉತ್ತರ ಹೋಗದಿದ್ದರೆ ಮೇಲಧಿಕಾರಿಗೆ ಎಚ್ಚರಿಕೆ ತಲಪುತ್ತದೆ. ಇಂಥ ತಂತ್ರಾಂಶವನ್ನು ಪೆಟ್ಟಿಗೆಯಲ್ಲಿ ಕೊಳ್ಳುವುದಿಲ್ಲ; ಬ್ರೌಸರಿನಲ್ಲೇ ತೆರೆದು ತಿಂಗಳ ಬಾಡಿಗೆ ಕಟ್ಟಲಾಗುತ್ತದೆ, ಈ ಪದ್ಧತಿಯನ್ನೇ ಸಾಸ್ ಎನ್ನುತ್ತಾರೆ. ಬಾಡಿಗೆ ಅಗ್ಗವಾದ್ದರಿಂದ ದೊಡ್ಡ ಬ್ಯಾಂಕಿಗಿದ್ದ ಸೌಲಭ್ಯ ಸೀರೆ ಅಂಗಡಿಗೂ ದಕ್ಕಿತು. ಫ್ರೆಶ್‌ಡೆಸ್ಕಿನ ಮೊದಲ ಗಿರಾಕಿ ಪಶ್ಚಿಮ ಆಸ್ಟ್ರೇಲಿಯದ ಆಟ್ವೆಲ್ ಕಾಲೇಜ್ ಎಂಬ ಶಾಲೆ. ಮಾರಾಟಗಾರನೊಬ್ಬ ವಿಮಾನ ಹತ್ತಿ ಅಲ್ಲಿಗೆ ಹೋಗಿರಲಿಲ್ಲ.

2011ರ ಕೊನೆಯಲ್ಲಿ ಅಮೆರಿಕದ ಪ್ರತಿಸ್ಪರ್ಧಿ ಸಂಸ್ಥೆ ಜೆನ್‌ಡೆಸ್ಕಿನ ಮುಖ್ಯಸ್ಥರು ಟ್ವಿಟರಿನಲ್ಲಿ ಈ ಚೆನ್ನೈ ತಂಡವನ್ನು ನಕಲುಗಾರರೆಂಬಂತೆ ಹಳಿದಾಗ, ಹಳೆಯ ಕಾಲದ ಸಂಪರ್ಕಾಧಿಕಾರಿಯಾಗಿದ್ದರೆ ಖಂಡನೆಯ ಪ್ರಕಟಣೆಯೊಂದನ್ನು ಕಳುಹಿಸಿ ಸುಮ್ಮನಾಗುತ್ತಿದ್ದರು. ಫ್ರೆಶ್‌ಡೆಸ್ಕ್ ತಂಡ ‘ನಕಲೋ ಅಲ್ಲವೋ’ ಎಂಬ ಅರ್ಥದ ಹೆಸರಿನಲ್ಲೇ ಜಾಲವಿಳಾಸವೊಂದನ್ನು ಕೊಂಡು, ಟೀಕೆಯನ್ನೂ ತನ್ನ ಉತ್ತರವನ್ನೂ ಅಕ್ಕಪಕ್ಕ ಜನರ ಮುಂದಿಟ್ಟಿತು. ಹೆಸರೇ ಕೇಳಿರದ ಜನ ಜಗಳ ನೋಡಲು ಬಂದು ಸರಕನ್ನೂ ನೋಡಿ ಹೋದರು. ಆ ಕಂಪನಿಯೇ ಫ್ರೆಶ್‌ವರ್ಕ್ಸ್ ಎಂಬ ಹೆಸರಿನಲ್ಲಿ 2021ರ ಸೆಪ್ಟೆಂಬರ್ 22ರಂದು ನ್ಯೂಯಾರ್ಕಿನ ನ್ಯಾಸ್‌ಡ್ಯಾಕ್ ಷೇರುಪೇಟೆಗೆ ಕಾಲಿಟ್ಟಿತು.

ಆದರೆ ಉತ್ತರ ಕೊಡುವ ಜಾಣ್ಮೆ ಇರುವವರಿಗೆ ಮಾತ್ರ ಈ ಬಹಿರಂಗತೆ ಒಲಿಯುತ್ತದೆ. 2015ರ ಡಿಸೆಂಬರಿನ ಪ್ರವಾಹದಲ್ಲಿ ಚೆನ್ನೈಯ ನಾಗರಿಕರು ಹ್ಯಾಷ್‌ಟ್ಯಾಗ್, ಅಂದರೆ ಒಂದೇ ವಿಷಯದ ಮಾತುಗಳನ್ನೆಲ್ಲ ಒಟ್ಟುಗೂಡಿಸುವ ಗುರುತುಪದ, ಬಳಸಿ ದೋಣಿ, ಅನ್ನ, ಔಷಧಗಳ ಮಾಹಿತಿಯನ್ನು ಹಂಚಿಕೊಂಡರು; ಪರಿಹಾರ ಸಾಮಗ್ರಿಯ ಪೊಟ್ಟಣಗಳ ಮೇಲೆ ಮುಖ್ಯಮಂತ್ರಿಯ ಚಿತ್ರದ ಸ್ಟಿಕ್ಕರ್ ಅಂಟಿಸಲಾಗುತ್ತಿದೆ ಎಂಬ ಆಕ್ಷೇಪವೂ ಅದೇ ಜಾಲದಲ್ಲಿ ಹೊತ್ತಿಕೊಂಡಿತು. ಸ್ಟಿಕ್ಕರ್ ಅಂಟಿಸುವುದು ತಮಿಳುನಾಡಿಗೆ ಹೊಸದಾಗಿರಲಿಲ್ಲ. ಪೊಟ್ಟಣ ಪಡೆದವನ ಕೈಯಲ್ಲೂ ಕ್ಯಾಮೆರಾ ಇದ್ದದ್ದು ಹೊಸದು.

ಜಾಲಪ್ರಚಾರದ ಇನ್ನೊಂದು ಮುಖ ಕಣ್ಣಿಗೆ ಬೀಳುವುದಿಲ್ಲ. ಜಾಲತಾಣಗಳು ಓದುಗರ ಬ್ರೌಸರಿನಲ್ಲಿ ಬಿಟ್ಟುಹೋಗುವ ಪುಟ್ಟ ಗುರುತುಚೀಟಿಗೆ ಕುಕಿ ಎನ್ನುತ್ತಾರೆ. ಆ ತಾಣಕ್ಕೆ ಸಂಬಂಧವೇ ಇಲ್ಲದ ಜಾಹೀರಾತು ಸಂಸ್ಥೆಗಳೂ ಇಂಥ ಚೀಟಿ ಅಂಟಿಸಬಲ್ಲವಾದ್ದರಿಂದ, ಬೆಳಿಗ್ಗೆ ಪ್ರೆಷರ್ ಕುಕ್ಕರ್ ಹುಡುಕಿದವರಿಗೆ ಸಂಜೆ ಕ್ರಿಕೆಟ್ ಸ್ಕೋರಿನ ಪಕ್ಕದಲ್ಲೂ ಕುಕ್ಕರೇ ಕಾಣುತ್ತದೆ. ಶ್ರೀಧರ್ ವೆಂಬು ಅವರ ಜೋಹೊ ತನ್ನ ತಾಣಗಳಿಂದ ಇಂಥ ಹೊರಗಿನವರ ಬೇಹುಗಾರಿಕೆಯನ್ನು ತೆಗೆದುಹಾಕಿರುವುದಾಗಿ 2020ರಲ್ಲಿ ಸಾರಿತು. ಅದು ತತ್ತ್ವವೂ ಹೌದು, ಜಾಣ ಪ್ರಚಾರವೂ ಹೌದು. ಮಿಕ್ಕವರಿಗೆ ಆ ಆಯ್ಕೆಯನ್ನು ಕಾನೂನೂ ಉದ್ಯಮದ ನಿಯಮಗಳೂ ಕಿರಿದು ಮಾಡುತ್ತಿವೆ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಯಾವ ಉದ್ದೇಶಕ್ಕೆಂದು ತಿಳಿಸಿ ಒಪ್ಪಿಗೆ ಪಡೆಯಬೇಕೆನ್ನುತ್ತದೆ, ಹಣ ಪಡೆದು ಸರಕನ್ನು ಹೊಗಳುವ ಇನ್‌ಫ್ಲುಯೆನ್ಸರ್‌ಗಳು ಅದು ಜಾಹೀರಾತೆಂದು ಹೇಳಲೇಬೇಕೆಂದು ಜಾಹೀರಾತು ಉದ್ಯಮದ ಸ್ವನಿಯಂತ್ರಣ ಮಂಡಳಿ 2021ರಲ್ಲೇ ನಿಯಮ ಮಾಡಿತ್ತು.

ಒಪ್ಪಿಗೆಯ ಈ ಪ್ರಶ್ನೆ ಈಗ ಧ್ವನಿಯವರೆಗೂ ಬಂದಿದೆ. 2024ರ ಜನವರಿಯಲ್ಲಿ ಎ.ಆರ್. ರೆಹಮಾನ್ ತೀರಿಕೊಂಡ ಇಬ್ಬರು ಗಾಯಕರ ಕಂಠವನ್ನು ಕೃತಕ ಬುದ್ಧಿಮತ್ತೆಯಿಂದ ಮರುಸೃಷ್ಟಿಸಿ ‘ಲಾಲ್ ಸಲಾಮ್’ ಚಿತ್ರದ ಹಾಡಿಗೆ ಬಳಸಿದರು, ಕುಟುಂಬಗಳ ಒಪ್ಪಿಗೆ ಪಡೆದು, ಸಂಭಾವನೆಯನ್ನೂ ಕೊಟ್ಟು. ಅದೇ ತಿಂಗಳು, 2018ರಲ್ಲಿ ನಿಧನರಾದ ತಮಿಳುನಾಡಿನ ಮಾಜಿ ಮುಖ್ಯಮಂತ್ರಿ ಕರುಣಾನಿಧಿಯವರು ಇದೇ ತಂತ್ರದ ಮೂಲಕ ಪುಸ್ತಕ ಬಿಡುಗಡೆಯ ಸಮಾರಂಭವೊಂದರ ಪರದೆಯ ಮೇಲೆ ಕಾಣಿಸಿಕೊಂಡು ಮಾತನಾಡಿದರು. ಇತ್ತ ಟಿಕೆಟಿಗೆ ಉತ್ತರ ಬರೆಯುವ ಕೆಲಸವನ್ನು ಚಾಟ್‌ಬಾಟ್, ಅಂದರೆ ಮನುಷ್ಯನಂತೆ ಸಂಭಾಷಿಸುವ ತಂತ್ರಾಂಶ, ಕೈಗೆತ್ತಿಕೊಳ್ಳುತ್ತಿದೆ. ಏರ್ ಕೆನಡಾ ವಿಮಾನ ಸಂಸ್ಥೆಯ ಚಾಟ್‌ಬಾಟ್ ಪ್ರಯಾಣಿಕನೊಬ್ಬನಿಗೆ ರಿಯಾಯಿತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟಾಗ, ಅದರ ಮಾತಿಗೆ ತಾನು ಹೊಣೆಯಲ್ಲವೆಂಬ ವಾದ 2024ರ ಫೆಬ್ರವರಿಯಲ್ಲಿ ಕೆನಡಾದ ನ್ಯಾಯಮಂಡಳಿಯೊಂದರ ಮುಂದೆ ನಿಲ್ಲಲಿಲ್ಲ. ಸಂಸ್ಥೆ ಪರಿಹಾರ ತೆರಬೇಕಾಯಿತು. ಚೆನ್ನೈಯಲ್ಲಿ ತಯಾರಾಗುವ ಚಾಟ್‌ಬಾಟುಗಳಲ್ಲೂ, ಸಂಭಾಷಣೆ ತಮ್ಮ ಕೈಮೀರಿದಾಗ ಅದನ್ನು ಕುರ್ಚಿಯಲ್ಲಿ ಕುಳಿತ ಸಿಬ್ಬಂದಿಗೆ ದಾಟಿಸುವ ಏರ್ಪಾಡು ಸಾಮಾನ್ಯವಾಗಿ ಇರುತ್ತದೆ.